ಯಾರ ಮನೆಯದೂ ಅಲ್ಲದ ಬೆಕ್ಕು

ಬಿಸಿ ಹಾಲಿಗೆ ಬಾಯಿ ಹಾಕಿ ಸುಟ್ಟುಕೊಂಡ ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆಯನ್ನು ಕೇಳದ ಕನ್ನಡ ಮಕ್ಕಳು ಕಡಿಮೆ. ವಿಜಯನಗರದಲ್ಲಿ ಇಲಿಗಳ ಕಾಟ ವಿಪರೀತವಾಯಿತು. ಕೃಷ್ಣದೇವರಾಯ ಮನೆಗೊಂದು ಬೆಕ್ಕಿನ ಮರಿ ಕೊಡಿಸಿದ. ಮರಿಗೆ ಹಾಲಿರಲಿ ಎಂದು ಜೊತೆಗೊಂದು ಹಸುವನ್ನೂ ಕೊಟ್ಟ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನು ಮರಿಯ ಮುಂದಿಟ್ಟ. ಅಂದಿನಿಂದ ಅದು ಹಾಲು ಕಂಡರೆ ಓಡತೊಡಗಿತು. ಹಾಲೆಲ್ಲ ಅವನ ಮನೆಯವರ ಪಾಲಾಯಿತು. ಕೆಲವು ತಿಂಗಳ ನಂತರ ರಾಯ ಬೆಕ್ಕುಗಳನ್ನು ಪರೀಕ್ಷಿಸಿದಾಗ ಊರವರ ಬೆಕ್ಕುಗಳು ಕೊಬ್ಬಿ ಗುಂಡಗಾಗಿದ್ದವು, ರಾಮಕೃಷ್ಣನ ಬೆಕ್ಕು ಮಾತ್ರ ಎಲುಬಿನ ಹಂದರವಾಗಿತ್ತು. 'ಇದಕ್ಕೆ ಹಾಲೇ ಸೇರದು ಪ್ರಭು' ಎಂದು ಅವನು ಕೈಮುಗಿದನಂತೆ.

ಕತೆ ಕೇಳಿದವರು ವಿಕಟಕವಿಯ ಜಾಣತನಕ್ಕೆ ನಗುತ್ತಾರೆ. ಸುಟ್ಟ ಬಾಯಿಯ ಮರಿಯನ್ನು ನೆನೆಯುವವರು ಅಪರೂಪ. ಆದರೆ ಈ ಕತೆಯಲ್ಲಿ ಇನ್ನೊಂದು ಪ್ರಶ್ನೆಯೂ ಅಡಗಿದೆ. ಇಲಿ ಹಿಡಿಯಲೆಂದು ತಂದ ಬೆಕ್ಕಿಗೆ ಹಾಲು ಹೊಯ್ಯಬೇಕಾದವರು ಯಾರು? ಹೊಟ್ಟೆ ತುಂಬಾ ಹಾಲು ಕುಡಿದು ಕೊಬ್ಬಿದ ಊರವರ ಬೆಕ್ಕುಗಳು ನಿಜಕ್ಕೂ ಇಲಿ ಹಿಡಿದವೇ? ಕತೆ ಅದನ್ನು ಹೇಳುವುದಿಲ್ಲ. ಮನುಷ್ಯ ಮತ್ತು ಬೆಕ್ಕಿನ ನಡುವಿನ ಹಳೆಯ ಕರಾರಿನ ಎಲ್ಲ ತೊಡಕೂ ಈ ಪುಟ್ಟ ಕತೆಯಲ್ಲಿದೆ.

ಕತೆಯ ಊರು ದೂರದ್ದಲ್ಲ. ಹಂಪಿಯ ಎದುರು, ತುಂಗಭದ್ರೆಯ ಆಚೆ ದಡದಲ್ಲಿ ಆನೆಗೊಂದಿ ಇದೆ. ವಿಜಯನಗರಕ್ಕಿಂತ ಮೊದಲಿನ ರಾಜಧಾನಿ ಎಂದು ಹೆಸರಾದ ಈ ಊರು ಇಂದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದೆ. ಬಂಡೆಗಳ ಸಂದಿಯಲ್ಲಿ, ಹಾಳು ಮಂಟಪಗಳ ನೆರಳಲ್ಲಿ, ಭತ್ತದ ಕಣಗಳಲ್ಲಿ, ಅಕ್ಕಿ ಗಿರಣಿಗಳ ಹಿಂದೆ ಇಂದಿಗೂ ಬೆಕ್ಕುಗಳು ಓಡಾಡುತ್ತವೆ. ಅವುಗಳಿಗೆ ಒಡೆಯರಿಲ್ಲ. ಆದರೆ ಊರನ್ನು ಬಿಟ್ಟು ಅವು ಹೋಗುವುದೂ ಇಲ್ಲ.

ಸಂತೆಯಲ್ಲಿ ಮಾರಿದ್ದೂ ಉಂಟು

ತೆನಾಲಿಯ ಬೆಕ್ಕು ಇತಿಹಾಸದ ಬೆಕ್ಕಲ್ಲ. ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ. 'ಪಾಂಡುರಂಗ ಮಾಹಾತ್ಮ್ಯಮು' ಬರೆದ ತೆಲುಗು ಕವಿ ರಾಮಕೃಷ್ಣ ಅವನಿಗಿಂತ ಈಚಿನವನು ಎಂದು ಹಲವು ವಿದ್ವಾಂಸರ ಅಭಿಪ್ರಾಯ. ರಾಯನ ಆಸ್ಥಾನಕ್ಕೆ ಅವನನ್ನು ತಂದು ಕೂರಿಸಿದ್ದು ಜನರ ಬಾಯಿ.

ಆದರೆ ಅದೇ ನಗರದ ಬೆಕ್ಕುಗಳ ಬಗ್ಗೆ ಒಂದು ಲಿಖಿತ ಸಾಕ್ಷ್ಯವೂ ಇದೆ. ಅಚ್ಯುತರಾಯನ ಕಾಲದಲ್ಲಿ, ಸುಮಾರು 1535-37ರ ಹೊತ್ತಿಗೆ, ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನುನಿಜ್ ಒಂದು ವೃತ್ತಾಂತ ಬರೆದಿಟ್ಟಿದ್ದಾನೆ. ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಅದು ಎಲ್ಲರಿಗೂ ತಿಳಿಯಿತು. ಇಲ್ಲಿನ ಅರಸರು ದನದ ಮಾಂಸವೊಂದನ್ನು ಬಿಟ್ಟು ಬಹುತೇಕ ಎಲ್ಲವನ್ನೂ ತಿನ್ನುತ್ತಾರೆ ಎಂದು ಹೇಳುತ್ತ ನುನಿಜ್ ಪಟ್ಟಿ ಕೊಡುತ್ತಾನೆ. ಆ ಪಟ್ಟಿಯ ಕೊನೆಯಲ್ಲಿ ಗುಬ್ಬಿ, ಇಲಿ, ಹಲ್ಲಿ ಜಾತಿಯ ಪ್ರಾಣಿಗಳ ಜೊತೆ ಬೆಕ್ಕೂ ಇದೆ. ಇವೆಲ್ಲ ನಗರದ ಸಂತೆಯಲ್ಲಿ ಜೀವಂತವಾಗಿಯೇ ಮಾರಾಟವಾಗುತ್ತಿದ್ದವಂತೆ. ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದು ಏನೆಂದು ಗೊತ್ತಿರಬೇಕಲ್ಲ!

ಪರದೇಶಿಯ ಮಾತನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೂ ಒಂದೇ ನಗರದ ಬೆಕ್ಕು ಜನರ ಕತೆಯಲ್ಲಿ ಹಾಲು ಕುಡಿಯುತ್ತಿತ್ತು, ಪರದೇಶಿಯ ಬರಹದಲ್ಲಿ ಸಂತೆಯ ಬುಟ್ಟಿಯಲ್ಲಿ ಕೂತಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಮನುಷ್ಯ ಬೆಕ್ಕಿನೊಡನೆ ಎಂದೂ ಒಂದೇ ರೀತಿ ನಡೆದುಕೊಂಡವನಲ್ಲ.

ಹನ್ನೆರಡು ಪಣ ದಂಡ

ಇಲಿ ಕಾಟಕ್ಕೆ ಸರ್ಕಾರವೇ ಬೆಕ್ಕು ಬಿಡುವುದು ಕತೆಗಾರನ ಕಲ್ಪನೆಯೂ ಅಲ್ಲ. ಕೌಟಿಲ್ಯನ 'ಅರ್ಥಶಾಸ್ತ್ರ' ನಾಡಿಗೆ ಒದಗುವ ದೈವಿಕ ವಿಪತ್ತುಗಳನ್ನು ಎಣಿಸುವಾಗ ಬೆಂಕಿ, ಪ್ರವಾಹ, ರೋಗ, ಬರಗಾಲಗಳ ಸಾಲಿನಲ್ಲೇ ಇಲಿಗಳನ್ನೂ ಸೇರಿಸುತ್ತದೆ. ಇಲಿಯ ಭಯ ಬಂದಾಗ ಬೆಕ್ಕು ಮತ್ತು ಮುಂಗುಸಿಗಳನ್ನು ಬಿಡಬೇಕು ಎನ್ನುತ್ತದೆ. ಹಾಗೆ ಬಿಟ್ಟವುಗಳನ್ನು ಹಿಡಿದವನಿಗೆ, ಕೊಂದವನಿಗೆ 12 ಪಣ ದಂಡ. ತನ್ನ ನಾಯಿಯನ್ನು ಹತೋಟಿಯಲ್ಲಿ ಇಡದವನಿಗೂ ಅಷ್ಟೇ ದಂಡ.

ಈ ಶಾಸನದ ಸೂಕ್ಷ್ಮ ದೊಡ್ಡದು. ಬಿಟ್ಟ ಬೆಕ್ಕು ಯಾರ ಮನೆಯದೂ ಅಲ್ಲ. ಆದರೆ ಯಾರ ಮನೆಯದೂ ಅಲ್ಲವೆಂದು ಅದನ್ನು ಕೊಲ್ಲುವಂತಿಲ್ಲ. ಅದು ಊರಿನ ಕಾಳು ಕಾಯುವ ಜೀವ. ಕಾವಲುಗಾರನಿಗೆ ಸಂಬಳವಿಲ್ಲ, ಹಿಡಿದ ಇಲಿಯೇ ಸಂಬಳ. ಹಾಲಿನ ಹಸುವನ್ನು ಕೊಟ್ಟು ಬೆಕ್ಕು ಸಾಕಿಸಿದ ಕತೆಯ ರಾಯನಿಗಿಂತ ಕೌಟಿಲ್ಯನಿಗೆ ಬೆಕ್ಕಿನ ಸ್ವಭಾವ ಚೆನ್ನಾಗಿ ಗೊತ್ತಿತ್ತು ಎನ್ನಬೇಕು.

ಶಾಸ್ತ್ರದ ದಂಡ ಜನರ ನಂಬಿಕೆಯಲ್ಲಿ ಪಾಪದ ರೂಪ ತಾಳಿತು. ಬೆಕ್ಕು ಕೊಂದವನು ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಬೆಕ್ಕು ಅಡ್ಡ ಬಂದರೆ ಅಪಶಕುನವೆಂದು ನಿಲ್ಲುವ ಮನುಷ್ಯನೇ ಅದರ ಮೇಲೆ ಕಲ್ಲೆತ್ತಲು ಅಂಜುತ್ತಾನೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಬೆಕ್ಕಳಲೆಯಲ್ಲಿ ಈ ಅಂಜಿಕೆ ಭಕ್ತಿಯೇ ಆಗಿದೆ. ಊರ ದೇವತೆ ಮಂಗಮ್ಮ ಬೆಕ್ಕಿನ ರೂಪದಲ್ಲಿ ಬಂದು ಊರನ್ನು ಕಾಯ್ದಳು ಎಂಬುದು ಅಲ್ಲಿನವರ ನಂಬಿಕೆ. ಅಲ್ಲಿ ಬೆಕ್ಕಿಗೆ ಪೂಜೆ ಸಲ್ಲುತ್ತದೆ. ಸತ್ತ ಬೆಕ್ಕಿಗೆ ಮಣ್ಣು ಸಿಗುತ್ತದೆ.

ಕಾಡಿನಿಂದ ಕಣಜಕ್ಕೆ

ಈ ನಂಟಿನ ಮೂಲ ಕಾಳಿನಲ್ಲಿದೆ. ಜಗತ್ತಿನ ಎಲ್ಲ ಸಾಕುಬೆಕ್ಕುಗಳೂ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಒಂದು ಜಾತಿಯ ಕಾಡುಬೆಕ್ಕಿನ ಸಂತತಿ ಎಂಬುದನ್ನು 2007ರಿಂದೀಚೆಗೆ ನಡೆದ ವಂಶವಾಹಿ ಅಧ್ಯಯನಗಳು ತೋರಿಸಿವೆ. ಮನುಷ್ಯ ಬೇಸಾಯ ಕಲಿತು ಕಾಳು ಕೂಡಿಡತೊಡಗಿದ. ಕಾಳನ್ನು ಹುಡುಕಿ ಇಲಿ ಬಂತು, ಇಲಿಯನ್ನು ಹುಡುಕಿ ಬೆಕ್ಕು ಬಂತು. ನಾಯಿಯ ಹಾಗೆ, ಎತ್ತಿನ ಹಾಗೆ ಅದನ್ನು ಯಾರೂ ಹಿಡಿದು ಪಳಗಿಸಲಿಲ್ಲ. ತಾನಾಗಿ ಬಂದು, ತನ್ನ ಷರತ್ತಿನ ಮೇಲೆ ಉಳಿದುಕೊಂಡಿತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂತ ಬೆಕ್ಕಿನ ಅಸ್ಥಿಪಂಜರ ದೊರೆತ ಸುದ್ದಿ 2004ರಲ್ಲಿ ಪ್ರಕಟವಾಯಿತು. ಆ ಸಮಾಧಿ ಸುಮಾರು 9,500 ವರ್ಷ ಹಳೆಯದು.

ಸಿಂಧೂ ಕಣಿವೆಯಲ್ಲೂ ಒಂದು ಗುರುತು ಉಳಿದಿದೆ. 1935-36ರಲ್ಲಿ ಅರ್ನೆಸ್ಟ್ ಮೆಕೆ ನಡೆಸಿದ ಚನ್ಹುದಾರೊ ಉತ್ಖನನದಲ್ಲಿ ಒಂದು ಇಟ್ಟಿಗೆ ಸಿಕ್ಕಿತು. ಅದು ಹಸಿಯಾಗಿದ್ದಾಗ ಬೆಕ್ಕೊಂದು ಮೇಲೆ ಹಾದುಹೋಗಿತ್ತು, ಹಿಂದೆಯೇ ನಾಯಿಯೊಂದು ಓಡಿತ್ತು. ನಾಲ್ಕು ಸಾವಿರ ವರ್ಷಗಳ ಹಿಂದಿನ ಆ ಬೆನ್ನಟ್ಟುವಿಕೆ ಇಂದಿನ ಯಾವ ಓಣಿಯಲ್ಲೂ ನಡೆಯಬಹುದಾದದ್ದೇ.

ಹಳೆಯ ಕನ್ನಡದಲ್ಲಿ ಬೆಕ್ಕಿಗೆ 'ಬೆರ್ಕು' ಎಂಬ ರೂಪವಿತ್ತು. ಇದಕ್ಕೆ ಬಂಧುವಾದ ತಮಿಳಿನ 'ವೆರುಗು' ಎಂಬ ಪದ ಗಂಡುಬೆಕ್ಕಿಗೂ ಕಾಡುಬೆಕ್ಕಿಗೂ ಸಲ್ಲುತ್ತದೆ. ಪ್ರಾಣಿಯ ಹಾಗೆ ಅದರ ಹೆಸರೂ ಕಾಡು-ಮನೆಗಳ ನಡುವೆ ಓಡಾಡಿದೆ.

ಕೊಪ್ಪಳದ ಸೀಮೆಯಲ್ಲಿ ಕಾಳು ಕಾಯುವ ವಿದ್ಯೆ ಎರಡು ಬಗೆಯದಾಗಿತ್ತು. ಕುಷ್ಟಗಿ, ಯಲಬುರ್ಗಾ ಕಡೆಯ ಎರೆ ಹೊಲಗಳ ಜೋಳ ನೆಲದೊಳಗಿನ ಹಗೇವಿಗೆ ಇಳಿಯುತ್ತಿತ್ತು. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಹಗೇವಿಗೆ ಗಾಳಿಯೂ ಹೋಗದು, ಇಲಿಯೂ ಹೋಗದು. ದಿನಬಳಕೆಯ ಕಾಳು ಮಾತ್ರ ಮನೆಯೊಳಗಿನ ಕಣಜದಲ್ಲಿ ಉಳಿಯುತ್ತಿತ್ತು. ಅದರ ಕಾವಲು ಬೆಕ್ಕಿನದು. ಬೆಕ್ಕಿನಿಂದ ಹಾಲು ಮೊಸರು ಕಾಯಲು ನೆಲವು ಇತ್ತು. ಹೀಗೆ ಇಲಿಗೊಂದು ಉಪಾಯ, ಬೆಕ್ಕಿಗೊಂದು ಉಪಾಯ ಮಾಡಿಕೊಂಡು ಮಾಳಿಗೆ ಮನೆಯ ಸಂಸಾರ ನಡೆಯುತ್ತಿತ್ತು. ಬೆಕ್ಕು ಬೆಳಕಿಂಡಿಯಿಂದ ಇಳಿದು, ಬಣವೆಯ ಸಂದಿಯಲ್ಲಿ ಮರಿ ಹಾಕಿ, ಅವನ್ನು ಕಚ್ಚಿಕೊಂಡು ಏಳು ಮನೆ ತಿರುಗುತ್ತಿತ್ತು. ಏಳರಲ್ಲಿ ಅದರ ಮನೆ ಯಾವುದೆಂದು ಯಾರೂ ಕೇಳುತ್ತಿರಲಿಲ್ಲ.

ಅದಕ್ಕೇ ನಮ್ಮ ಹಳ್ಳಿಗಳಲ್ಲಿ ಸಾಕಿದ ಬೆಕ್ಕು, ಬೀದಿ ಬೆಕ್ಕು ಎಂಬ ಗೆರೆ ಎಂದೂ ಗಟ್ಟಿಯಾಗಿರಲಿಲ್ಲ. ಪ್ರಾಣಿಶಾಸ್ತ್ರವೂ ಈ ಗೆರೆ ಎಷ್ಟು ತೆಳುವಾದದ್ದೆಂದು ಹೇಳುತ್ತದೆ. ಮರಿಗೆ ಎರಡರಿಂದ ಏಳು ವಾರ ತುಂಬುವ ಅವಧಿ ನಿರ್ಣಾಯಕ. ಆ ದಿನಗಳಲ್ಲಿ ಮನುಷ್ಯನ ಕೈ ಸೋಕಿದ ಮರಿ ಜನರಿಗೆ ಹೊಂದಿಕೊಳ್ಳುತ್ತದೆ. ಸೋಕದ ಮರಿ, ಅದರ ತಾಯಿ ಎಷ್ಟೇ ಸಾಧುವಾಗಿರಲಿ, ಜನರನ್ನು ಕಂಡರೆ ಬೆದರುತ್ತ ಬೆಳೆಯುತ್ತದೆ. ಒಂದೇ ತಲೆಮಾರಿನಲ್ಲಿ ಮನೆಯ ಬೆಕ್ಕು ಅರೆಗಾಡಿನ ಬೆಕ್ಕಾಗಬಹುದು. ಹಾಗೆಯೇ ಅರೆಗಾಡಿನ ಬೆಕ್ಕಿನ ಮರಿ ಯಾವುದೋ ಮಗುವಿನ ಮಡಿಲೇರಿ ಮನೆಯದಾಗಬಹುದು. ಇನ್ನೊಂದು ಸೋಜಿಗವೆಂದರೆ, ಬೆಳೆದ ಬೆಕ್ಕುಗಳು ಪರಸ್ಪರ 'ಮಿಯಾಂವ್' ಎನ್ನುವುದು ಬಲು ಅಪರೂಪ. ಮರಿ ತಾಯಿಯನ್ನು ಕರೆಯುವ ಆ ಕೂಗನ್ನು ದೊಡ್ಡದಾದ ಮೇಲೂ ಉಳಿಸಿಕೊಂಡು ಅವು ಬಳಸುವುದು ಹೆಚ್ಚಾಗಿ ಮನುಷ್ಯರ ಮುಂದೆ.

ಕೋತಿಯ ಮರಿ, ಬೆಕ್ಕಿನ ಮರಿ

ಆನೆಗೊಂದಿಯ ಪಕ್ಕದ ಅಂಜನಾದ್ರಿ ಬೆಟ್ಟವನ್ನು ಹನುಮಂತನ ಜನ್ಮಸ್ಥಳವೆಂದು ಭಕ್ತರು ನಂಬುತ್ತಾರೆ. ಕಿಷ್ಕಿಂಧೆ ಎನಿಸಿಕೊಂಡ ಈ ನೆಲದಲ್ಲಿ ಕೋತಿಗೆ ಸಿಕ್ಕ ಗೌರವ ಬೆಕ್ಕಿಗೆ ಸಿಗಲಿಲ್ಲ. ಆದರೆ ತತ್ತ್ವಶಾಸ್ತ್ರ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿತು. ವಿಜಯನಗರದ ಕೊನೆಯ ಅರಸುಮನೆತನಗಳಿಗೆ ಹತ್ತಿರವಾಗಿದ್ದ ಶ್ರೀವೈಷ್ಣವ ಪಂಥದಲ್ಲಿ ಶರಣಾಗತಿಯ ಬಗ್ಗೆ ಎರಡು ವಾದಗಳಿವೆ. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿಕೊಳ್ಳುವಂತೆ ಜೀವನೂ ದೇವರನ್ನು ಹಿಡಿದುಕೊಳ್ಳಬೇಕು ಎಂಬುದು ಮರ್ಕಟ ನ್ಯಾಯ. ವೇದಾಂತದೇಶಿಕರ ಪರಂಪರೆಯ ವಡಗಲೈಯವರದು ಈ ವಾದ. ಬೆಕ್ಕಿನ ಮರಿ ಏನೂ ಮಾಡದೆ ಸುಮ್ಮನಿರುತ್ತದೆ, ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ, ದೇವರ ಕೃಪೆಯೂ ಹಾಗೆಯೇ ಎಂಬುದು ಮಾರ್ಜಾಲ ನ್ಯಾಯ. ಪಿಳ್ಳೈ ಲೋಕಾಚಾರ್ಯರ ಪರಂಪರೆಯ ತೆಂಗಲೈಯವರದು ಈ ನಿಲುವು.

ಕತ್ತಿನ ತೊಗಲನ್ನು ತಾಯಿ ಕಚ್ಚಿದೊಡನೆ ಮರಿ ಕಾಲು ಮಡಚಿ ನಿಶ್ಚಲವಾಗುವುದನ್ನು ಹಿತ್ತಲಿನಲ್ಲಿ ಕಂಡವರೇ ಈ ಹೋಲಿಕೆಯನ್ನು ಕಟ್ಟಿರಬೇಕು. ಇದೇ ಬೆಕ್ಕು ಕತೆಗಳಲ್ಲಿ ಕಪಟ ಸನ್ಯಾಸಿಯೂ ಹೌದು. ಸಂಸ್ಕೃತದ ಪಂಚತಂತ್ರದಲ್ಲಿ ನ್ಯಾಯ ಕೇಳಲು ಬಂದ ಮೊಲ ಮತ್ತು ಹಕ್ಕಿಯನ್ನು ತಪಸ್ವಿಯ ವೇಷದ ಬೆಕ್ಕು ನುಂಗುತ್ತದೆ. ಮಹಾಬಲಿಪುರದ ಏಳನೇ ಶತಮಾನದ ಬಂಡೆಯ ಮೇಲೆ ಎರಡು ಕಾಲಲ್ಲಿ ನಿಂತು ತಪಸ್ಸು ಮಾಡುವ ಬೆಕ್ಕಿನ ಸುತ್ತ ಇಲಿಗಳು ನೆರೆದಿವೆ. ತಾಯಿಯಾಗಿ ಕೃಪೆಯ ಗುರುತಾದ ಪ್ರಾಣಿಯೇ ಹಸಿದಾಗ ಮೋಸದ ಗುರುತು. ಎರಡೂ ಕಣ್ಣಾರೆ ಕಂಡ ಸತ್ಯವೇ.

ಪ್ಲೇಗಿನ ವರ್ಷಗಳು

ಬೆಕ್ಕಿನ ಬೆಲೆ ಮತ್ತೊಮ್ಮೆ ನೆನಪಾದದ್ದು ಪ್ಲೇಗು ಬಂದಾಗ. 1896ರಲ್ಲಿ ಮುಂಬಯಿಗೆ ಕಾಲಿಟ್ಟ ರೋಗ 1898ರ ಹೊತ್ತಿಗೆ ಹುಬ್ಬಳ್ಳಿ, ಬೆಂಗಳೂರುಗಳನ್ನು ನಡುಗಿಸಿತು. ಮನೆಯಲ್ಲಿ ಇಲಿ ಬಿದ್ದರೆ ಹಳ್ಳಿಯವರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಇಲಿಯ ಮೈಮೇಲಿನ ಚಿಗಟವೇ ರೋಗದ ವಾಹಕ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂದ್ 1898ರಲ್ಲಿ ತೋರಿಸಿದರು. ಮಧ್ಯಪ್ರಾಂತ ಮತ್ತು ಬೇರಾರ್ ಭಾಗದಲ್ಲಿದ್ದ ಇಂಡಿಯನ್ ಮೆಡಿಕಲ್ ಸರ್ವೀಸಿನ ವೈದ್ಯ ಆಂಡ್ರ್ಯೂ ಬುಕ್ಯಾನನ್, ಬೆಕ್ಕುಗಳು ಹೆಚ್ಚಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆ ಎಂದು ವಾದಿಸಿ 1908ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೇಖನ ಬರೆದರು. ಕೌಟಿಲ್ಯನ ಮಾತು ಎರಡು ಸಾವಿರ ವರ್ಷಗಳ ನಂತರ ವೈದ್ಯಪತ್ರಿಕೆಯಲ್ಲಿ ಕಾಣಿಸಿಕೊಂಡಿತು.

ಆದರೆ ಬೆಕ್ಕು ಪ್ಲೇಗಿಗೆ ಪೂರ್ಣ ಉತ್ತರವಾಗಿರಲಿಲ್ಲ. ಬೆಕ್ಕಿಗೂ ಪ್ಲೇಗು ತಗಲುತ್ತದೆ, ಬೆಕ್ಕಿನಿಂದ ಮನುಷ್ಯನಿಗೂ ಹರಡಬಹುದು ಎಂಬುದು ಈಗ ಖಚಿತ. ಜನ ಊರು ಬಿಟ್ಟಾಗ ನಾಯಿ ಮನುಷ್ಯನ ಹಿಂದೆ ಹೋಗುತ್ತದೆ, ಬೆಕ್ಕು ಮನೆಯನ್ನು ಹಿಡಿದು ಕೂರುತ್ತದೆ. ರೋಗ ಬಿದ್ದ ಊರಿನಲ್ಲಿ ಕೊನೆಗೆ ಉಳಿಯುವ ಜೀವ ಅದೇ.

ಭತ್ತದ ಸೀಮೆಯ ವಿಷ

1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯತೊಡಗಿದ ಮೇಲೆ ಗಂಗಾವತಿಯ ಚಹರೆ ಬದಲಾಯಿತು. ಅದುವರೆಗೆ ಆನೆಗೊಂದಿಯ ಆಸುಪಾಸಿನಲ್ಲಿ ವಿಜಯನಗರ ಕಾಲದ ಕಾಲುವೆಗಳು ಹಸಿರಾಗಿಟ್ಟಿದ್ದ ನೆಲದ ಆಚೆಗೂ ಗದ್ದೆಗಳು ಹಬ್ಬಿದವು. ಗಂಗಾವತಿ, ಕಾರಟಗಿಗಳು ಭತ್ತದ ಕಣಜವೆಂದು ಹೆಸರಾದವು, ಅಕ್ಕಿ ಗಿರಣಿಗಳು ಸಾಲುಗಟ್ಟಿದವು. ಕಾಳು ಹೆಚ್ಚಿದಲ್ಲಿ ಇಲಿ ಹೆಚ್ಚುವುದು ಹಳೆಯ ನಿಯಮ. ಗದ್ದೆಯ ಬದುವಿನಲ್ಲಿ ಬಿಲ ತೋಡಿ ತೆನೆಗಳನ್ನು ಒಳಗೆ ಎಳೆದು ಕೂಡಿಡುವ ಹೆಗ್ಗಣ ಜಾತಿಯ ಇಲಿ ರೈತನ ದೊಡ್ಡ ವೈರಿ.

ಇದಕ್ಕೆ ಹೊಸ ಕಾಲದ ಉತ್ತರ ಬೆಕ್ಕಲ್ಲ, ವಿಷ. ಜಿಂಕ್ ಫಾಸ್ಫೈಡ್ ಬೆರೆಸಿದ ತಿಂಡಿ ಹೊಟ್ಟೆಯಲ್ಲಿ ವಿಷಾನಿಲವಾಗಿ ಇಲಿಯನ್ನು ಬೇಗ ಕೊಲ್ಲುತ್ತದೆ. ಬ್ರೊಮಾಡಿಯೊಲೋನ್‌ನಂಥ ಔಷಧಿ ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳಲ್ಲಿ ಕೊಲ್ಲುತ್ತದೆ. ಆ ಕೆಲವು ದಿನಗಳೇ ಬೆಕ್ಕಿಗೆ ಕಂಟಕ. ನಿತ್ರಾಣವಾಗಿ ತೂರಾಡುವ ಇಲಿ ಎಲ್ಲಕ್ಕಿಂತ ಸುಲಭದ ಬೇಟೆ. ಅದರ ಯಕೃತ್ತಿನಲ್ಲಿ ಉಳಿದ ವಿಷ ಬೆಕ್ಕಿಗೆ, ಗೂಬೆಗೆ, ಕೇರೆಹಾವಿಗೆ ದಾಟುತ್ತದೆ. ಇಲಿಗಳು ಬೇಗ ಮರಿ ಹಾಕಿ ಮತ್ತೆ ತುಂಬಿಕೊಳ್ಳುತ್ತವೆ. ಅವನ್ನು ತಿನ್ನುವ ಜೀವಗಳಿಗೆ ಆ ವೇಗವಿಲ್ಲ. ಕಾವಲುಗಾರನನ್ನು ಕೊಂದು ಕಳ್ಳನನ್ನು ಉಳಿಸಿಕೊಂಡ ಹಾಗೆ ಇದು.

ಬೆಕ್ಕಿನ ಪರವಾಗಿ ಹೆಚ್ಚು ಹೇಳುವುದೂ ತಪ್ಪಾದೀತು. ಬೆಳೆದ ಹೆಗ್ಗಣವನ್ನು ಬೆಕ್ಕು ಸಾಮಾನ್ಯವಾಗಿ ತಡವಿಕೊಳ್ಳುವುದಿಲ್ಲ, ಚಿಕ್ಕ ಇಲಿ, ಎಳೆಯ ಮರಿಗಳೇ ಅದಕ್ಕೆ ಇಷ್ಟ. ಅಳಿಲು, ಹಕ್ಕಿ, ಓತಿಗಳನ್ನೂ ಅದು ಬಿಡದು. ಹುಚ್ಚುನಾಯಿ ಕಚ್ಚಿದ ಬೆಕ್ಕಿನಿಂದ ರೇಬಿಸ್ ಬರಬಹುದಾದ್ದರಿಂದ ಕಚ್ಚಿಸಿಕೊಂಡವರು ತಡಮಾಡದೆ ಲಸಿಕೆ ಹಾಕಿಸಿಕೊಳ್ಳಲೇಬೇಕು. ಊರಿನ ಬೆಕ್ಕುಗಳೊಡನೆ ಬೆರೆತು ನಿಜವಾದ ಕಾಡುಬೆಕ್ಕಿನ ತಳಿಯೇ ಕೆಡುವ ಅಪಾಯವೂ ಇದೆ. ಸ್ಕಾಟ್ಲೆಂಡಿನಲ್ಲಿ ಹೀಗೆಯೇ ಆಗಿದೆ. ಸಂಖ್ಯೆ ಮಿತಿಯಲ್ಲಿಡಲು ಸಂತಾನಹರಣ ಚಿಕಿತ್ಸೆ ಬೇಕು. ಗೋಣಿಚೀಲದಲ್ಲಿ ಕಟ್ಟಿ ದೂರ ಬಿಟ್ಟು ಬರುವ ಹಳೆಯ ರೂಢಿ ಪರಿಹಾರವಲ್ಲ. ಬಿಟ್ಟು ಬಂದ ಜಾಗಕ್ಕೆ ಬೇರೆ ಬೆಕ್ಕು ಬರುತ್ತದೆ, ಇಲ್ಲವೇ ಅದೇ ಬೆಕ್ಕು ದಾರಿ ಹುಡುಕಿಕೊಂಡು ಮರಳುತ್ತದೆ.

ಬೀಗ ಬಿದ್ದ ಬಾಗಿಲು

ಗಂಗಾವತಿಯ ಗದ್ದೆಗಳಿಂದ ಮೇಲಕ್ಕೆ ಬಂದರೆ ಕುಷ್ಟಗಿ, ಯಲಬುರ್ಗಾಗಳ ಒಣನೆಲ. ಮಳೆ ಕೈಕೊಟ್ಟ ವರ್ಷ ಸುಗ್ಗಿ ಮುಗಿಯುತ್ತಲೇ ಇಲ್ಲಿನ ಕುಟುಂಬಗಳು ಗುಳೆ ಹೊರಡುತ್ತವೆ. ಬೆಂಗಳೂರು, ಮಂಗಳೂರು, ಗೋವೆಯ ಕಡೆ ಕಟ್ಟಡ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಹೋಗುವವರು ಪಾತ್ರೆ, ಹಾಸಿಗೆ, ಮಕ್ಕಳನ್ನು ಕಟ್ಟಿಕೊಂಡು ಬಸ್ಸು ಹತ್ತುತ್ತಾರೆ. ದನಗಳನ್ನು ಮಾರಬಹುದು, ಆಡುಗಳನ್ನು ನೆಂಟರಿಗೆ ಒಪ್ಪಿಸಬಹುದು. ಬೆಕ್ಕನ್ನು ಮಾರುವವರೂ ಇಲ್ಲ, ಒಪ್ಪಿಸಿಕೊಳ್ಳುವವರೂ ಇಲ್ಲ. ಬಾಗಿಲಿಗೆ ಬೀಗ ಬೀಳುತ್ತದೆ. ಕಣಜ ಬರಿದಾದ ಮನೆಯಲ್ಲಿ ಇಲಿಯೂ ಉಳಿಯದು. ಒಲೆ ಆರಿದ ಮೇಲೆ ಬೆಚ್ಚನೆಯ ಬೂದಿಯೂ ಇಲ್ಲ.

ಆಗ ಬೆಕ್ಕು ಬೀದಿಯದಾಗುತ್ತದೆ. ಊರಿನಲ್ಲಿ ಉಳಿದವರು ಹೆಚ್ಚಾಗಿ ಮುದುಕರು. ಜೋಳದ ರೊಟ್ಟಿಯ ಚೂರನ್ನು ಮಜ್ಜಿಗೆಯಲ್ಲಿ ನೆನೆಸಿ ಕಟ್ಟೆಯ ಮೇಲಿಡುವ ಅಜ್ಜಿಯೇ ಅದಕ್ಕೆ ಆಸರೆ. ಅದು ಅಜ್ಜಿಯ ಬೆಕ್ಕಲ್ಲ. ಅಜ್ಜಿಯೂ ಹಾಗೆ ಹೇಳಿಕೊಳ್ಳುವುದಿಲ್ಲ. ಒಬ್ಬರ ಮಕ್ಕಳು ಗುಳೆ ಹೋಗಿದ್ದಾರೆ, ಇನ್ನೊಬ್ಬರ ಮನೆಯವರು ಗುಳೆ ಹೋಗಿದ್ದಾರೆ. ಇಬ್ಬರಿಗೂ ಸಂಜೆಯ ಹೊತ್ತು ಉದ್ದವಾಗಿರುತ್ತದೆ.

ಶಾಸನ, ಶಾಸ್ತ್ರ, ಕತೆ ಎಲ್ಲವೂ ಬೆಕ್ಕಿನಿಂದ ಇಲಿಯ ಲೆಕ್ಕವನ್ನೇ ಕೇಳಿವೆ. ಕಟ್ಟೆಯ ಮೇಲಿನ ಈ ರೊಟ್ಟಿಚೂರು ಯಾವ ಲೆಕ್ಕಕ್ಕೂ ಸೇರಿದ್ದಲ್ಲ. ಮುಂಗಾರು ಮೋಡ ಕಟ್ಟಿದಾಗ ಗುಳೆ ಹೋದವರು ಬಿತ್ತನೆಗೆ ಮರಳುತ್ತಾರೆ, ಬೀಗ ತೆರೆಯುತ್ತದೆ, ಒಲೆ ಹೊತ್ತುತ್ತದೆ. ಮಾಳಿಗೆಯ ಮೇಲೆಲ್ಲೋ ತಿರುಗುತ್ತಿದ್ದ ಬೆಕ್ಕು ಒಂದು ದಿನ ಬೆಳಕಿಂಡಿಯಿಂದ ಇಳಿದು, ದೂರದಲ್ಲೇ ಕೂತು, ಒಮ್ಮೆ ಕೂಗುತ್ತದೆ. ಅದು ತಮ್ಮದೇ ಹಳೆಯ ಬೆಕ್ಕೋ, ಅದರ ಮರಿಯೋ ಎಂದು ಮನೆಯವರಿಗೆ ಗುರುತು ಸಿಗದಿರಬಹುದು. ಆದರೂ ಯಾರಾದರೊಬ್ಬರು ಬಟ್ಟಲು ಹುಡುಕುತ್ತಾರೆ.